ಹೊರದೇಶದಲ್ಲಿ ಮಾಸ್ಟರ್ಸ್: ದೇಶ ದೇಶಗಳನ್ನ ಹೋಲಿಸೋದು ಹೇಗೆ?

ಹೊಸದಿಕ್ಕು:
ಎಲ್ಲರಿಗೂ ನಮಸ್ಕಾರ. ಪರಿಸರ ಎಂಜಿನಿಯರಿಂಗ್ ಬ್ಯಾಚುಲರ್ಸ್ ಕೊನೆಯ ವರ್ಷದಲ್ಲಿದ್ದೀನಿ. ನೀರು ಶುದ್ಧೀಕರಣದ ವಿಷಯದಲ್ಲಿ ಮಾಸ್ಟರ್ಸ್ ಮಾಡಬೇಕು ಅಂತ ಆಸೆ. ಎರಡು ತಿಂಗಳಿಂದ ಒಂದು ದೊಡ್ಡ ಪಟ್ಟಿ ಮಾಡಿಕೊಂಡು ಕೂತಿದ್ದೀನಿ. ಜರ್ಮನಿ, ಬ್ರಿಟನ್, ಅಮೆರಿಕ, ಕೆನಡಾ, ಆಸ್ಟ್ರೇಲಿಯಾ, ನೆದರ್‌ಲ್ಯಾಂಡ್ಸ್. ಒಂದೊಂದರ ಮುಂದೆ ಫೀಸು, ರ‍್ಯಾಂಕಿಂಗ್, ಎಷ್ಟು ವರ್ಷ, ಓದು ಮುಗಿದ ಮೇಲೆ ಎಷ್ಟು ದಿನ ಇರಬಹುದು ಅಂತ ನಾಲ್ಕು ಕಾಲಂ. ಫೀಸಿನ ಕಾಲಂನಲ್ಲಿ ಜರ್ಮನಿಗೆ ಸೊನ್ನೆ ಹಾಕಿದ ಮೇಲೆ ಬೇರೆ ಯಾವುದನ್ನೂ ನೋಡಬೇಕು ಅನಿಸ್ತಿಲ್ಲ. ಆದರೆ ಇಷ್ಟು ಸುಲಭವಾಗಿದ್ದರೆ ಎಲ್ಲರೂ ಅಲ್ಲಿಗೇ ಹೋಗಬೇಕಿತ್ತಲ್ಲ? ಮನೆಯವರು ಸಾಲ ಮಾಡಿ ಕಳಿಸ್ತಿದ್ದಾರೆ, ಹಾಗಾಗಿ ತಪ್ಪು ಮಾಡೋ ಹಾಗಿಲ್ಲ. ಹೋಗಿ ಬಂದವರು, ಈಗ ಅಲ್ಲಿರುವವರು ದಯವಿಟ್ಟು ಹೇಳಿ.

ಉತ್ತರಧ್ರುವ:
ಜರ್ಮನಿಯಲ್ಲಿ ಮಾಸ್ಟರ್ಸ್ ಮುಗಿಸುವ ಹಂತದಲ್ಲಿದ್ದೀನಿ. ಮೊದಲು ಆ ಸೊನ್ನೆಯನ್ನ ಅಳಿಸಿ.

ಹೆಚ್ಚಿನ ರಾಜ್ಯಗಳ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಟ್ಯೂಷನ್ ಫೀ ಇಲ್ಲ ಅನ್ನೋದು ನಿಜ, ಸೆಮಿಸ್ಟರ್ ಶುಲ್ಕ ಕಟ್ಟಿದರೆ ಸಾಕು. ಆದರೆ ಬಾಡನ್-ವುರ್ಟೆಂಬರ್ಗ್ ರಾಜ್ಯ 2017ರಿಂದಲೇ ಯುರೋಪಿಯನ್ ಒಕ್ಕೂಟದ ಹೊರಗಿನ ವಿದ್ಯಾರ್ಥಿಗಳಿಂದ ಸೆಮಿಸ್ಟರಿಗೆ 1,500 ಯೂರೋ ತಗೊಳ್ತಿದೆ. ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯ 2024ರ ಚಳಿಗಾಲದ ಸೆಮಿಸ್ಟರಿನಿಂದ ಮಾಸ್ಟರ್ಸ್‌ಗೆ ಸೆಮಿಸ್ಟರಿಗೆ 4,000ದಿಂದ 6,000 ಯೂರೋ ನಿಗದಿ ಮಾಡಿದೆ. ಅಂದರೆ ಜರ್ಮನಿ ಅಂತ ಒಂದೇ ಸಾಲು ಬರೆದರೆ ಆಗಲ್ಲ. ರಾಜ್ಯ ನೋಡಬೇಕು, ಆಮೇಲೆ ವಿಶ್ವವಿದ್ಯಾಲಯ ನೋಡಬೇಕು.

ಎರಡನೇದು ಬ್ಲಾಕ್ಡ್ ಅಕೌಂಟ್. ವೀಸಾಕ್ಕೆ ಮೊದಲೇ ಒಂದು ವರ್ಷದ ಖರ್ಚು 11,904 ಯೂರೋ ಅದರಲ್ಲಿ ಇಟ್ಟಿರಬೇಕು. ದುಡ್ಡು ನಿಮ್ಮದೇ, ಆದರೆ ತಿಂಗಳಿಗೆ 992 ಯೂರೋ ಮಾತ್ರ ಕೈಗೆ ಬರುತ್ತೆ. ಚಿಕ್ಕ ಊರಲ್ಲಿ ಅದರಲ್ಲೇ ಬದುಕಬಹುದು. ಮ್ಯೂನಿಕ್‌ನಲ್ಲಿ ಬಾಡಿಗೆ ಕಟ್ಟಿದ ಮೇಲೆ ಉಳಿಯೋದು ತುಂಬಾ ಕಡಿಮೆ. ಫೀಸು ಇಲ್ಲದ ದೇಶಕ್ಕೂ ಹೊರಡೋ ಮುಂಚೆ ಒಟ್ಟಿಗೆ ಇಷ್ಟು ಮೊತ್ತ ಹೊಂದಿಸಬೇಕು, ಈ ಮಾತನ್ನ ಯಾರೂ ದಪ್ಪ ಅಕ್ಷರದಲ್ಲಿ ಹೇಳಲ್ಲ.

ಮೂರನೇದು, ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು: ಪರೀಕ್ಷೆ. ಹೆಚ್ಚಿನ ವಿಷಯಗಳಲ್ಲಿ ಸೆಮಿಸ್ಟರ್ ಕೊನೆಗೆ ಒಂದೇ ಪರೀಕ್ಷೆ, ಅದರ ಅಂಕವೇ ಅಂತಿಮ. ವಾರವಾರದ ಅಸೈನ್‌ಮೆಂಟು ಕೈ ಹಿಡಿಯಲ್ಲ. ಅಂಕದ ಲೆಕ್ಕವೂ ತಿರುಗುಮುರುಗು, 1.0 ಅಂದರೆ ಅತ್ಯುತ್ತಮ, 4.0 ಅಂದರೆ ಹಾಗೂ ಹೀಗೂ ಪಾಸು. ಕಡ್ಡಾಯ ವಿಷಯದಲ್ಲಿ ಸಾಮಾನ್ಯವಾಗಿ ಮೂರು ಸಲ ಅವಕಾಶ. ಮೂರನೇ ಸಲವೂ ಹೋದರೆ ಕೋರ್ಸಿನಿಂದಲೇ ಹೊರಗೆ, ಜರ್ಮನಿಯ ಬೇರೆ ಕಡೆಗೂ ಅದೇ ಕೋರ್ಸಿಗೆ ಸೇರೋದು ಬಹುತೇಕ ಮುಚ್ಚಿದ ಬಾಗಿಲು. ನಾನು ಮೊದಲ ಸೆಮಿಸ್ಟರಿನಲ್ಲಿ ಹೆದರಿ ಎರಡು ಪರೀಕ್ಷೆ ಮುಂದಕ್ಕೆ ಹಾಕಿದೆ. ಆ ಎರಡು ಪರೀಕ್ಷೆ ಸೇರಿ ನನ್ನ ಎರಡು ವರ್ಷದ ಓದು ಮೂರು ವರ್ಷ ಆಯ್ತು. ಮೂರನೇ ವರ್ಷದ ಊಟ, ಬಾಡಿಗೆ, ವಿಮೆ ಯಾವ ಪಟ್ಟಿಯಲ್ಲೂ ಇರಲಿಲ್ಲ.

ಸೇತುವೆ:
ಅದಕ್ಕೇ ನಾನು ಬ್ರಿಟನ್ ಆರಿಸಿಕೊಂಡೆ. ಮಾಸ್ಟರ್ಸ್ ಒಂದೇ ವರ್ಷ. ಫೀಸು ಜಾಸ್ತಿ, ನಿಜ, ಆದರೆ ಒಂದು ವರ್ಷದ ಬಾಡಿಗೆ ಉಳೀತು, ಒಂದು ವರ್ಷ ಮುಂಚೆ ದುಡಿಯೋಕೆ ಸಿಕ್ಕಿತು. ಲೆಕ್ಕ ಹಾಕುವಾಗ ಇದನ್ನೂ ಸೇರಿಸಬೇಕು.

ಆದರೆ ಆ ಒಂದು ವರ್ಷ ಹೇಗಿರುತ್ತೆ ಅಂತ ಗೊತ್ತಿರಲಿ. ಸೆಪ್ಟೆಂಬರ್‌ನಲ್ಲಿ ಇಳೀತೀರಿ. ಊರಿನ ದಾರಿ ಗೊತ್ತಾಗೋ ಮುಂಚೆ ದೊಡ್ಡ ಕಂಪನಿಗಳು ಮುಂದಿನ ವರ್ಷದ ಹೊಸಬರನ್ನ ತಗೊಳ್ಳೋ ಅರ್ಜಿ ಮುಚ್ಚೋಕೆ ಶುರು ಆಗಿರುತ್ತೆ. ಎರಡು ಟರ್ಮ್ ಪಾಠ, ವಸಂತದಲ್ಲಿ ಪರೀಕ್ಷೆ, ಬೇಸಿಗೆ ಪೂರ್ತಿ ಡಿಸರ್ಟೇಷನ್, ಅಂದರೆ ಕೋರ್ಸಿನ ಕೊನೆಯ ದೊಡ್ಡ ಪ್ರಬಂಧ. ಉಸಿರು ತಿರುಗಿಸಿಕೊಳ್ಳೋಕೆ ಆಗಲ್ಲ. ಹೊಸ ಪದ್ಧತಿಗೆ ಹೊಂದಿಕೊಳ್ಳೋಕೆ ಒಂದು ಸೆಮಿಸ್ಟರ್ ಬೇಕು ಅನ್ನುವವರಿಗೆ ಇದು ಕಷ್ಟ.

ಫೀಸಿನ ಹೊರಗಿನ ಖರ್ಚು: ವಿದ್ಯಾರ್ಥಿಗಳಿಗೆ ಆರೋಗ್ಯ ಸರ್‌ಚಾರ್ಜ್ ವರ್ಷಕ್ಕೆ 776 ಪೌಂಡ್, ವೀಸಾ ಅರ್ಜಿ ಜೊತೆಗೇ ಪೂರ್ತಿ ಕಟ್ಟಬೇಕು. ಒಂದು ವರ್ಷದ ಕೋರ್ಸಿಗೆ ವೀಸಾ ಒಂದು ವರ್ಷಕ್ಕಿಂತ ಸ್ವಲ್ಪ ಜಾಸ್ತಿ ಕೊಡ್ತಾರಲ್ಲ, ಆ ಹೆಚ್ಚಿನ ತಿಂಗಳುಗಳಿಗೂ ಸೇರಿಸಿ ತಗೊಳ್ತಾರೆ. ಖರ್ಚಿಗೆ ತೋರಿಸಬೇಕಾದ ದುಡ್ಡು ಲಂಡನ್‌ಗೆ ಬೇರೆ, ಲಂಡನ್ ಹೊರಗೆ ಬೇರೆ, ಮತ್ತೆ ಅದು 28 ದಿನ ಬಿಡದೆ ಖಾತೆಯಲ್ಲಿ ಇರಬೇಕು. 27ನೇ ದಿನ ತೆಗೆದು ವೀಸಾ ಕಳಕೊಂಡವರನ್ನ ನೋಡಿದ್ದೀನಿ.

ಅಲೆಮಾರಿ:
ಬ್ರಿಟನ್ ವಿಷಯದಲ್ಲಿ ಇನ್ನೊಂದು ಮಾತು ಸೇರಿಸಲೇಬೇಕು. ನಾನು ಹೋದ ಹೊತ್ತಿಗೆ, 2012ರಲ್ಲಿ, ಓದಿದ ಮೇಲೆ ಎರಡು ವರ್ಷ ಕೆಲಸ ಮಾಡುವ ವೀಸಾವನ್ನ ನಿಲ್ಲಿಸಿದರು. ಅದನ್ನ ನಂಬಿಕೊಂಡು ಸಾಲ ಮಾಡಿದ್ದೆವು. 2021ರಲ್ಲಿ ಗ್ರಾಜುಯೇಟ್ ರೂಟ್ ಅಂತ ಮತ್ತೆ ತಂದರು, ಎರಡು ವರ್ಷ. 2024ರ ಜನವರಿಯಿಂದ ಸಂಶೋಧನಾ ಕೋರ್ಸಿನವರನ್ನ ಬಿಟ್ಟು ಉಳಿದವರು ಗಂಡ, ಹೆಂಡತಿ, ಮಕ್ಕಳನ್ನ ಕರೆದುಕೊಂಡು ಹೋಗುವ ಹಾಗಿಲ್ಲ ಅಂದರು. 2027ರ ಜನವರಿಯಿಂದ ಅರ್ಜಿ ಹಾಕುವವರಿಗೆ ಆ ಎರಡು ವರ್ಷ 18 ತಿಂಗಳಾಗುತ್ತೆ.

ನಿಮ್ಮ ನಾಲ್ಕನೇ ಕಾಲಂನಲ್ಲಿ ಇರುವುದೆಲ್ಲ ಇವತ್ತಿನ ನಿಯಮ. ನೀವು ಅರ್ಜಿ ಹಾಕಿ, ಸೇರಿ, ಓದಿ ಮುಗಿಸುವ ಹೊತ್ತಿಗೆ ಎರಡು ಮೂರು ವರ್ಷ ಆಗಿರುತ್ತೆ. ಅಷ್ಟರಲ್ಲಿ ಒಂದು ಚುನಾವಣೆ ಆಗಿ ಸರ್ಕಾರ ಬದಲಾದರೆ ನಿಯಮವೂ ಬದಲಾಗಬಹುದು. ಹಾಗಾಗಿ ಆ ಕಾಲಂ ಪೂರ್ತಿ ಮುಚ್ಚಿಟ್ಟು ಕೇಳಿಕೊಳ್ಳಿ: ಓದು ಮುಗಿದ ಮರುದಿನವೇ ವಾಪಸ್ ಬರಬೇಕಾದರೂ ಈ ಕೋರ್ಸಿಗೆ ಈ ದುಡ್ಡು ಕೊಡ್ತೀನಾ?

ಮೂರನೇಪಾಳಿ:
ಅಲೆಮಾರಿಯವರ ಮಾತಿಗೆ ಕೆನಡಾ ಇನ್ನೊಂದು ಉದಾಹರಣೆ. ಎಷ್ಟೋ ವರ್ಷ 10,000 ಕೆನಡಾ ಡಾಲರ್ ಖರ್ಚಿನ ಹಣ ತೋರಿಸಿದರೆ ಸಾಕಿತ್ತು. 2024ರ ಜನವರಿ 1ರಿಂದ ಅದು 20,635 ಆಯ್ತು, 2025ರ ಸೆಪ್ಟೆಂಬರ್‌ನಿಂದ 22,895. ಅದೇ 2024ರ ಜನವರಿಯಲ್ಲಿ ಸ್ಟಡಿ ಪರ್ಮಿಟ್‌ಗಳಿಗೆ ಮಿತಿ ಹಾಕಿದರು, ನವೆಂಬರ್‌ನಲ್ಲಿ ಬೇಗ ವೀಸಾ ಸಿಗುತ್ತಿದ್ದ ಎಸ್‌ಡಿಎಸ್ ದಾರಿಯನ್ನೂ ಮುಚ್ಚಿದರು. ಕ್ಯಾಂಪಸ್ ಹೊರಗಿನ ಕೆಲಸ ಈಗ ವಾರಕ್ಕೆ 24 ಗಂಟೆ.

ನನ್ನ ಕಥೆ ಹೇಳ್ತೀನಿ, ಯಾರಿಗಾದರೂ ಉಪಯೋಗ ಆಗಲಿ. ಏಜೆಂಟ್ ಒಬ್ಬರ ಮಾತು ಕೇಳಿ ಒಂದು ಖಾಸಗಿ ಕಾಲೇಜಿಗೆ ಸೇರಿದೆ. ಸರ್ಟಿಫಿಕೇಟಿನಲ್ಲಿ ಹೆಸರು ಸರ್ಕಾರಿ ಕಾಲೇಜಿನದು, ಪಾಠ ಮಾತ್ರ ಖಾಸಗಿ ಕಟ್ಟಡದಲ್ಲಿ. ಲೈಬ್ರರಿ ಅಂತ ಒಂದು ಕೋಣೆ. ಮೊದಲ ವಾರದಲ್ಲೇ ಗೊತ್ತಾಯ್ತು ಮೋಸ ಹೋಗಿದ್ದೀನಿ ಅಂತ, ಆದರೆ ಮನೆಗೆ ಹೇಳೋಕೆ ಆಗಲಿಲ್ಲ. ರಾತ್ರಿ ಗೋದಾಮಿನಲ್ಲಿ ಕೆಲಸ, ಬೆಳಿಗ್ಗೆ ತರಗತಿಯಲ್ಲಿ ನಿದ್ದೆ. ಆ ಏಜೆಂಟಿಗೆ ಕಾಲೇಜಿನಿಂದ ಕಮಿಷನ್ ಬರುತ್ತಿತ್ತು ಅನ್ನೋದು ಆಮೇಲೆ ತಿಳೀತು. ಫೀಸು ಇಲ್ಲದ ಅಥವಾ ಕಮಿಷನ್ ಕೊಡದ ವಿಶ್ವವಿದ್ಯಾಲಯದ ಹೆಸರನ್ನ ಅವರು ಒಂದು ಸಲವೂ ಎತ್ತಿರಲಿಲ್ಲ. ಇಂಥ ಒಪ್ಪಂದದ ಕಾಲೇಜುಗಳಿಗೆ 2024ರಲ್ಲಿ ಹೊಸದಾಗಿ ಸೇರಿದವರಿಗೆ ಓದಿನ ನಂತರದ ವರ್ಕ್ ಪರ್ಮಿಟ್ ಕೊಡುವುದನ್ನೇ ನಿಲ್ಲಿಸಿದರು.

ನಿಮಗೆ ಹೇಳೋದು ಇಷ್ಟು: ಕೆನಡಾ ಬೇಕು ಅಂದರೆ ಸರ್ಕಾರಿ ವಿಶ್ವವಿದ್ಯಾಲಯದ ಥೀಸಿಸ್ ಇರುವ ಮಾಸ್ಟರ್ಸ್ ನೋಡಿ. ಪ್ರೊಫೆಸರ್ ಒಪ್ಪಿದರೆ ಸ್ಟೈಪೆಂಡ್ ಸಿಗುವ ಸಾಧ್ಯತೆ ಇದೆ. ತರಗತಿ ಮಾತ್ರ ಇರುವ ಮಾಸ್ಟರ್ಸ್‌ಗೆ ಸಾಮಾನ್ಯವಾಗಿ ಪೂರ್ತಿ ನಿಮ್ಮ ಜೇಬಿನಿಂದ. ಹೆಸರು ಒಂದೇ ಥರ ಇರುತ್ತೆ, ಅರ್ಥ ಬೇರೆ.

ಹೊಸದಿಕ್ಕು:
ಮೂರನೇಪಾಳಿಯವರೇ, ಇಷ್ಟು ಬಿಚ್ಚಿ ಹೇಳಿದ್ದಕ್ಕೆ ಮನಸ್ಸಾರೆ ಧನ್ಯವಾದ. ನಾನೂ ಒಬ್ಬ ಏಜೆಂಟ್ ಹತ್ತಿರ ಹೋಗಿದ್ದೆ. ನಾನು ಜರ್ಮನಿ ಅಂದಾಗಲೆಲ್ಲ ಅವರು ಮಾತು ಬೇರೆ ಕಡೆ ತಿರುಗಿಸ್ತಿದ್ದದ್ದು ಯಾಕೆ ಅಂತ ಈಗ ಅರ್ಥ ಆಯ್ತು. ಅಮೆರಿಕದ ಬಗ್ಗೆ ಯಾರಾದರೂ ಹೇಳ್ತೀರಾ?

ಕಾಗದಪತ್ರ:
ಅಮೆರಿಕದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಇಲ್ಲಿ ಎರಡು ಬೇರೆ ಬೇರೆ ಅಮೆರಿಕಗಳಿವೆ ಎಂದೇ ತಿಳಿಯಿರಿ. ಮಾಸ್ಟರ್ಸ್‌ಗೆ ಬಂದವರು ದೊಡ್ಡ ಫೀಸು ಕಟ್ಟುತ್ತಾರೆ. ಎಂಜಿನಿಯರಿಂಗ್, ವಿಜ್ಞಾನದ ಪಿಎಚ್‌ಡಿಗೆ ಬಂದವರಿಗೆ ಸಾಮಾನ್ಯವಾಗಿ ಫೀಸು ಮಾಫಿ, ಮೇಲೆ ತಿಂಗಳ ಸ್ಟೈಪೆಂಡ್. ಬದಲಿಗೆ ಪಾಠ ಮಾಡಬೇಕು ಅಥವಾ ಲ್ಯಾಬಿನಲ್ಲಿ ದುಡಿಯಬೇಕು. ಮತ್ತೆ ಇಲ್ಲಿ ಬ್ಯಾಚುಲರ್ಸ್ ಮುಗಿಸಿದ ಕೂಡಲೇ ನೇರವಾಗಿ ಪಿಎಚ್‌ಡಿಗೆ ಅರ್ಜಿ ಹಾಕಬಹುದು. ಯುರೋಪಿನಲ್ಲಿ ಸಾಮಾನ್ಯವಾಗಿ ಮಾಸ್ಟರ್ಸ್ ಆಗಿರಲೇಬೇಕು. ನಿಮಗೆ ಸಂಶೋಧನೆಯಲ್ಲಿ ನಿಜವಾಗಿ ಮನಸ್ಸಿದ್ದರೆ, ಮಾಸ್ಟರ್ಸ್ ಸಾಲವೇ ಇಲ್ಲದ ದಾರಿ ಇದು. ಮನಸ್ಸಿಲ್ಲದೆ ಬಂದರೆ ಐದಾರು ವರ್ಷ ಬಹಳ ಉದ್ದ.

ಓದುವ ರೀತಿ ಉತ್ತರಧ್ರುವ ಹೇಳಿದ್ದಕ್ಕೆ ಪೂರ್ತಿ ಉಲ್ಟಾ. ವಾರವಾರ ಹೋಮ್‌ವರ್ಕ್, ನಡುವೆ ಪರೀಕ್ಷೆ, ಪ್ರಾಜೆಕ್ಟ್, ಎಲ್ಲಕ್ಕೂ ಅಂಕ. ಒಂದು ದಿನ ಕೆಟ್ಟರೆ ಸೆಮಿಸ್ಟರ್ ಕೆಡುವುದಿಲ್ಲ, ಆದರೆ ಒಂದು ವಾರವೂ ಬಿಡುವಿರುವುದಿಲ್ಲ. ನೀವು ಯಾವ ಥರದವರು ಎಂದು ನಿಮಗೇ ಗೊತ್ತಿರಬೇಕು. ಕೊನೆಯ ತಿಂಗಳು ಕೂತು ಓದಿ ಬರೆಯುವವರಿಗೂ ದಿನವೂ ಸ್ವಲ್ಪ ಸ್ವಲ್ಪ ಮಾಡುವವರಿಗೂ ಒಂದೇ ದೇಶ ಒಗ್ಗುವುದಿಲ್ಲ. ಫೀಸಿನ ಪಟ್ಟಿ ಮಾಡುವವರು ಈ ಕಾಲಂ ಹಾಕುವುದನ್ನು ನಾನು ಕಂಡಿಲ್ಲ.

ಓದಿನ ನಂತರ: ಓಪಿಟಿ, ಅಂದರೆ ವಿದ್ಯಾರ್ಥಿ ವೀಸಾದಲ್ಲೇ ಕೆಲಸ ಮಾಡುವ ಅವಕಾಶ, 12 ತಿಂಗಳು. ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತದ ಡಿಗ್ರಿಯಾದರೆ ಇನ್ನೂ 24 ತಿಂಗಳು ಸಿಗುತ್ತದೆ; ನಿಮ್ಮ ವಿಷಯ ಅದರೊಳಗೆ ಬರುತ್ತದೆ. ಮೊದಲ 12 ತಿಂಗಳಲ್ಲಿ ಒಟ್ಟು 90 ದಿನಕ್ಕಿಂತ ಹೆಚ್ಚು ಕೆಲಸವಿಲ್ಲದೆ ಇರುವಂತಿಲ್ಲ. ಆಮೇಲೆ ಎಚ್-1ಬಿ ಎನ್ನುವ ಕೆಲಸದ ವೀಸಾ. ವರ್ಷಕ್ಕೆ 65,000, ಅಮೆರಿಕದಲ್ಲಿ ಮಾಸ್ಟರ್ಸ್ ಅಥವಾ ಅದಕ್ಕಿಂತ ಹೆಚ್ಚು ಓದಿದವರಿಗೆ ಇನ್ನೂ 20,000. ಅರ್ಜಿ ಅದಕ್ಕಿಂತ ಎಷ್ಟೋ ಜಾಸ್ತಿ ಬರುವುದರಿಂದ ಆಯ್ಕೆಯಾಗಬೇಕು. 2025ರ ಸೆಪ್ಟೆಂಬರ್‌ನಲ್ಲಿ ಹೊಸ ಅರ್ಜಿಗಳ ಮೇಲೆ 1,00,000 ಡಾಲರ್ ಶುಲ್ಕದ ಘೋಷಣೆ ಬಂದ ದಿನ ನಮ್ಮ ಲ್ಯಾಬಿನಲ್ಲಿ ಯಾರೂ ಕೆಲಸ ಮಾಡಲಿಲ್ಲ.

ಬೆಳದಿಂಗಳು:
ಎಲ್ಲರೂ ಇಂಗ್ಲಿಷ್ ದೇಶಗಳನ್ನೇ ಸುತ್ತುತ್ತಿದ್ದೀರಿ. ಜಪಾನಿನ ರಾಷ್ಟ್ರೀಯ ವಿಶ್ವವಿದ್ಯಾಲಯಗಳಲ್ಲಿ ವರ್ಷದ ಫೀಸಿನ ಸರ್ಕಾರಿ ಮಟ್ಟ 5,35,800 ಯೆನ್. ಸ್ವದೇಶಿಯರಿಗೂ ಹೊರಗಿನವರಿಗೂ ಬಹುತೇಕ ಅದೇ ಫೀಸು ಅನ್ನೋದು ನನಗೆ ತುಂಬಾ ಗೌರವದ ವಿಷಯ ಅನಿಸ್ತು. ಟೋಕಿಯೋ ವಿಶ್ವವಿದ್ಯಾಲಯ 2025ರಲ್ಲಿ ಬ್ಯಾಚುಲರ್ಸ್‌ಗೆ ಹೊಸದಾಗಿ ಸೇರುವವರಿಗೆ 6,42,960ಕ್ಕೆ ಏರಿಸಿತು, ಮಾಸ್ಟರ್ಸ್‌ಗೆ 2029ರಿಂದ, ಅದೂ ಸ್ವದೇಶಿಯರು ಹೊರಗಿನವರು ಅನ್ನದೆ. ಸೇರುವಾಗ ಒಂದು ಸಲ 2,82,000 ಯೆನ್ ಪ್ರವೇಶ ಶುಲ್ಕ ಬೇರೆ. ಸರ್ಕಾರದ ಮೆಕ್ಸ್ಟ್ ಸ್ಕಾಲರ್‌ಶಿಪ್ ಸಿಕ್ಕರೆ ಫೀಸು, ವಿಮಾನದ ಟಿಕೆಟ್, ತಿಂಗಳ ಖರ್ಚು ಎಲ್ಲ ಅವರದೇ. ನಾನು ಹಾಗೇ ಬಂದೆ.

ಇಲ್ಲಿ ಮೊದಲು ಪ್ರೊಫೆಸರ್ ಒಪ್ಪಬೇಕು, ಆಮೇಲೆ ಉಳಿದದ್ದು. ಲ್ಯಾಬೇ ಮನೆ. ಅರ್ಧ ವರ್ಷದಿಂದ ಒಂದು ವರ್ಷ ಸಂಶೋಧನಾ ವಿದ್ಯಾರ್ಥಿಯಾಗಿದ್ದು, ಪರೀಕ್ಷೆ ಬರೆದು, ಮಾಸ್ಟರ್ಸ್ ಸೇರುವವರು ತುಂಬಾ ಜನ. ಪಾಠ ಇಂಗ್ಲಿಷಿನಲ್ಲಿ ಇದ್ದರೂ ಕೆಲಸಕ್ಕೆ ಜಪಾನಿ ಭಾಷೆ ಬೇಕು, ಅದರಲ್ಲಿ ಎರಡು ಮಾತಿಲ್ಲ.

ಉತ್ತರಧ್ರುವ:
ಭಾಷೆಯ ಮಾತು ಬಂದದ್ದು ಒಳ್ಳೇದಾಯ್ತು. ಇಂಗ್ಲಿಷ್ ಮಾಧ್ಯಮದ ಕೋರ್ಸು ಸಿಕ್ಕಿತು ಅಂತ ನಾನು ಜರ್ಮನ್ ಕಲಿಯೋದನ್ನ ಆರಾಮಾಗಿ ಬಿಟ್ಟೆ. ನಿಮ್ಮದು ನೀರಿನ ವಿಷಯ. ಇಲ್ಲಿ ನೀರು ಸರಬರಾಜು, ಕೊಳಚೆ ನೀರಿನ ಘಟಕ ಹೆಚ್ಚಾಗಿ ನಗರಸಭೆಗಳ ಕೈಯಲ್ಲಿದೆ. ಅಲ್ಲಿ ಕೆಲಸಗಾರರ ಜೊತೆ, ಅಧಿಕಾರಿಗಳ ಜೊತೆ ಜರ್ಮನ್‌ನಲ್ಲೇ ಮಾತು, ಜರ್ಮನ್‌ನಲ್ಲೇ ವರದಿ. ಸಾಫ್ಟ್‌ವೇರ್‌ನವರು ಇಂಗ್ಲಿಷಿನಲ್ಲಿ ದಾಟಿಕೊಳ್ತಾರೆ, ನಮ್ಮ ಕ್ಷೇತ್ರದಲ್ಲಿ ಅದು ನಡೆಯಲ್ಲ. ಓದು ಮುಗಿದ ಮೇಲೆ ಕೆಲಸ ಹುಡುಕೋಕೆ 18 ತಿಂಗಳು ಕೊಡ್ತಾರೆ. ನಾನೀಗ ಅದನ್ನ ವ್ಯಾಕರಣ ಕಲಿಯೋಕೆ ಖರ್ಚು ಮಾಡಬೇಕಾದ ಸ್ಥಿತಿಯಲ್ಲಿದ್ದೀನಿ. ಹೊರಡೋ ಮುಂಚೆ ಜರ್ಮನ್‌ನಲ್ಲಿ ಬಿ1 ಅನ್ನೋ ಮಧ್ಯಮ ಮಟ್ಟಕ್ಕಾದರೂ ಬನ್ನಿ.

ಪಾರ್ಟ್ ಟೈಮ್ ಕೆಲಸಕ್ಕೆ ವರ್ಷಕ್ಕೆ 140 ಪೂರ್ತಿ ದಿನ ಅಥವಾ 280 ಅರ್ಧ ದಿನದ ಮಿತಿ ಇದೆ. ವಿಶ್ವವಿದ್ಯಾಲಯದೊಳಗೇ ಪ್ರೊಫೆಸರ್‌ಗೆ ಸಹಾಯಕರಾಗಿ ದುಡಿದರೆ, ಹಿವಿ ಅಂತಾರೆ, ಆ ದಿನಗಳು ಈ ಲೆಕ್ಕಕ್ಕೆ ಬರಲ್ಲ. ಮೊದಲ ಸೆಮಿಸ್ಟರ್‌ನಿಂದಲೇ ಅದನ್ನ ಕೇಳಿ.

ತೀರದಾಚೆ:
ನೀರು ಅಂದ ಮೇಲೆ ನೆದರ್‌ಲ್ಯಾಂಡ್ಸ್‌ನ ಡೆಲ್ಫ್ಟ್ ಬಿಟ್ಟರೆ ಹೇಗೆ? ಅಲ್ಲಿಯ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ನೀರಿನ ಎಂಜಿನಿಯರಿಂಗ್ ದೊಡ್ಡ ಹೆಸರು. ಅದೇ ಊರಲ್ಲಿ ಐಎಚ್‌ಇ ಡೆಲ್ಫ್ಟ್ ಅಂತ ನೀರಿನ ಶಿಕ್ಷಣಕ್ಕೆ ಅಂತಲೇ ಇರುವ ಸಂಸ್ಥೆ ಇದೆ, ಅಲ್ಲಿ ಓದುವವರಲ್ಲಿ ಹೆಚ್ಚಿನವರು ಹೊರದೇಶದವರೇ. ರ‍್ಯಾಂಕಿಂಗ್ ನೋಡಿದರೆ ಐಎಚ್‌ಇಯಂಥ ಸಂಸ್ಥೆಗಳು ಕಾಣೋದೇ ಇಲ್ಲ. ಯಾಕಂದರೆ ರ‍್ಯಾಂಕಿಂಗ್ ಪೂರ್ತಿ ವಿಶ್ವವಿದ್ಯಾಲಯದ ಹೆಸರು, ಸಂಶೋಧನಾ ಲೇಖನ ಇವನ್ನ ಅಳೆಯುತ್ತೆ. ನಿಮ್ಮ ಕೋರ್ಸಿನ ಲ್ಯಾಬ್ ಹೇಗಿದೆ ಅಂತ ಅದು ಹೇಳಲ್ಲ.

ಕೆಟ್ಟ ಸುದ್ದಿ: ಯುರೋಪಿಯನ್ ಒಕ್ಕೂಟದ ಹೊರಗಿನವರಿಗೆ ಫೀಸು ಭಾರಿ. ಮನೆ ಸಿಗೋದು ಅದಕ್ಕಿಂತ ಕಷ್ಟ. ವಿದ್ಯಾರ್ಥಿಯಾಗಿ ವಾರಕ್ಕೆ 16 ಗಂಟೆ ಕೆಲಸ ಅಥವಾ ಜೂನ್‌ನಿಂದ ಆಗಸ್ಟ್‌ವರೆಗೆ ಪೂರ್ತಿ ಸಮಯದ ಕೆಲಸ, ಎರಡರಲ್ಲಿ ಒಂದು ಮಾತ್ರ, ಅದಕ್ಕೂ ಮಾಲೀಕರು ಪರ್ಮಿಟ್ ತೆಗೆದುಕೊಡಬೇಕು. ಓದಿನ ನಂತರ ಒಂದು ಹುಡುಕಾಟದ ವರ್ಷ ಕೊಡ್ತಾರೆ. ಡಿಗ್ರಿ ಸಿಕ್ಕ ಮೂರು ವರ್ಷದೊಳಗೆ ಯಾವಾಗ ಬೇಕಾದರೂ ಅದಕ್ಕೆ ಅರ್ಜಿ ಹಾಕಬಹುದು. ಮನೆಗೆ ಹೋಗಿ, ಸ್ವಲ್ಪ ದುಡಿದು, ಮತ್ತೆ ಬರೋಕೆ ಜಾಗ ಇದೆ ಅನ್ನೋದು ನನಗೆ ಇಷ್ಟವಾದ ವಿಷಯ.

ಕಾದಿರುವ ತಾಯಿ:
ನನ್ನ ಮಗಳು ಓದಲು ಹೋಗಿ ಒಂದು ವರ್ಷವಾಯಿತು. ನೀವೆಲ್ಲ ಹೇಳುವ ವೀಸಾ ವಿಷಯ ನನಗೆ ಅಷ್ಟು ತಿಳಿಯದು, ಮನೆಯ ವಿಷಯ ಮಾತ್ರ ಹೇಳುತ್ತೇನೆ. ಫೋಟೋ ನೋಡಿ, ಮುಂಗಡ ಕಳಿಸಿ ಎಂದರು, ಕಳಿಸಿದೆವು. ಅವಳು ಸೂಟ್‌ಕೇಸ್ ಹಿಡಿದು ಆ ವಿಳಾಸಕ್ಕೆ ಹೋದರೆ ಅಲ್ಲಿ ಬೇರೆ ಕುಟುಂಬವಿತ್ತು. ಆ ರಾತ್ರಿ ಅವಳು ಫೋನ್ ಮಾಡಿದ ದನಿ ಇನ್ನೂ ಕಿವಿಯಲ್ಲಿದೆ. ಅಡ್ಮಿಷನ್ ಬಂದ ದಿನವೇ ವಿಶ್ವವಿದ್ಯಾಲಯದ ಹಾಸ್ಟೆಲಿಗೆ ಹೆಸರು ಹಾಕಿ ಮಗಾ. ಕಣ್ಣಾರೆ ನೋಡದ ಮನೆಗೆ, ಗೊತ್ತಿಲ್ಲದವರ ಖಾತೆಗೆ ದುಡ್ಡು ಕಳಿಸಬೇಡಿ.

ಸೇತುವೆ:
ಅಮ್ಮಾ, ಓದಿ ಮನಸ್ಸು ಭಾರ ಆಯ್ತು. ಮಗಳು ಈಗ ಆರಾಮಾಗಿದ್ದಾಳಲ್ಲ?

ಕಾದಿರುವ ತಾಯಿ:
ಆರಾಮಾಗಿದ್ದಾಳೆ. ಸಹಪಾಠಿಯೊಬ್ಬಳು ತನ್ನ ಕೋಣೆಯಲ್ಲಿ ಎರಡು ವಾರ ಇಟ್ಟುಕೊಂಡಳು. ಆ ಹುಡುಗಿಯ ಭಾಷೆ ಬೇರೆ, ದೇಶ ಬೇರೆ.

ದಕ್ಷಿಣಾಯನ:
ಆಸ್ಟ್ರೇಲಿಯಾ ಬಗ್ಗೆ ಚಿಕ್ಕದಾಗಿ. ವೀಸಾ ಅರ್ಜಿ ಶುಲ್ಕ 2024ರ ಜುಲೈನಲ್ಲಿ 710ರಿಂದ 1,600 ಆಸ್ಟ್ರೇಲಿಯನ್ ಡಾಲರ್‌ಗೆ, ಮರುವರ್ಷ 2,000ಕ್ಕೆ ಏರಿತು, ನಿರಾಕರಿಸಿದರೆ ವಾಪಸ್ ಇಲ್ಲ. ಖರ್ಚಿಗೆ 29,710 ಡಾಲರ್ ತೋರಿಸಬೇಕು. ತರಗತಿ ನಡೆಯುವಾಗ ಎರಡು ವಾರಕ್ಕೆ 48 ಗಂಟೆ ಕೆಲಸ. ಓದಿನ ನಂತರದ ವೀಸಾಕ್ಕೆ ವಯಸ್ಸಿನ ಮಿತಿ 50ರಿಂದ 35ಕ್ಕೆ ಇಳಿದಿದೆ, ಸಂಶೋಧನಾ ಡಿಗ್ರಿಯವರಿಗೆ ವಿನಾಯಿತಿ. ಕೆಲವು ವರ್ಷ ಕೆಲಸ ಮಾಡಿ ಆಮೇಲೆ ಓದೋಕೆ ಹೊರಡುವವರು ಇದನ್ನ ನೋಡಿಕೊಳ್ಳಿ. ಸೆಮಿಸ್ಟರ್ ಫೆಬ್ರವರಿ ಸುಮಾರಿಗೆ ಶುರು, ಹಾಗಾಗಿ ಬೇರೆ ಕಡೆ ಸೆಪ್ಟೆಂಬರ್ ತಪ್ಪಿದವರು ಪೂರ್ತಿ ಒಂದು ವರ್ಷ ಕಾಯಬೇಕಾಗಿಲ್ಲ.

ಅಲೆಮಾರಿ:
ಇಟಲಿಯನ್ನ ಯಾರೂ ಹೇಳಲಿಲ್ಲ. ಅಲ್ಲಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಫೀಸು ಮನೆಯ ಆದಾಯದ ಮೇಲೆ ನಿಂತಿದೆ. ಕಡಿಮೆ ಆದಾಯದವರಿಗೆ ಪ್ರಾಂತ್ಯದ ಸ್ಕಾಲರ್‌ಶಿಪ್ ಕೂಡ ಇದೆ, ಹೊರದೇಶದವರೂ ಅರ್ಹರು. ಆದಾಯದ ಕಾಗದಗಳನ್ನ ಅನುವಾದ ಮಾಡಿಸಿ ದೃಢೀಕರಿಸೋಕೆ ತಿಂಗಳುಗಟ್ಟಲೆ ಓಡಾಟ. ಅಷ್ಟಾದರೂ ಸಾಲ ಮಾಡುವ ಮನೆಯವರು ಇದನ್ನ ನೋಡದೆ ಬಿಡಬಾರದು. ಹಾಗೇ ಎರಾಸ್ಮುಸ್ ಮುಂಡುಸ್ ಜಂಟಿ ಮಾಸ್ಟರ್ಸ್: ಎರಡು ಮೂರು ದೇಶಗಳಲ್ಲಿ ಓದು, ಸ್ಕಾಲರ್‌ಶಿಪ್ ಸಿಕ್ಕರೆ ತಿಂಗಳಿಗೆ 1,400 ಯೂರೋ.

ಇನ್ನೊಂದು ಕಡೆ ನಾರ್ವೆ. ದಶಕಗಳ ಕಾಲ ಎಲ್ಲರಿಗೂ ಉಚಿತವಾಗಿತ್ತು, 2023ರಿಂದ ಯುರೋಪಿನ ಹೊರಗಿನವರಿಗೆ ಫೀಸು. ಇದಕ್ಕೆ ಮುಂಚೆ ಸ್ವೀಡನ್ 2011ರಲ್ಲಿ, ಫಿನ್‌ಲ್ಯಾಂಡ್ 2017ರಲ್ಲಿ ಹಾಗೇ ಮಾಡಿದವು. ಹಳೇ ಲೇಖನ ಓದಿ ಉಚಿತ ಅಂದುಕೊಂಡು ಕೂರಬೇಡಿ.

ಹೊಸದಿಕ್ಕು:
ಮೂರು ದಿನ ಆಯ್ತು, ಪಟ್ಟಿಯನ್ನ ಹೊಸದಾಗಿ ಮಾಡಿದೆ. ದೇಶದ ಹೆಸರನ್ನ ಎಡಗಡೆಯಿಂದ ತೆಗೆದು ಕೋರ್ಸಿನ ಹೆಸರನ್ನ ಹಾಕಿದೆ. ಫೀಸಿನ ಬದಲು ‘ಹೊರಡುವ ದಿನ ಕೈಯಲ್ಲಿ ಇರಬೇಕಾದ ಒಟ್ಟು ದುಡ್ಡು’ ಅಂತ ಒಂದು ಕಾಲಂ, ‘ಒಂದು ವರ್ಷ ಹೆಚ್ಚಾದರೆ’ ಅಂತ ಇನ್ನೊಂದು. ಪರೀಕ್ಷೆಯ ರೀತಿ, ಕೆಲಸದ ಭಾಷೆ, ಲ್ಯಾಬ್. ಅಲೆಮಾರಿಯವರು ಹೇಳಿದ ಹಾಗೆ ಕೊನೆಯ ಕಾಲಂ ಮುಚ್ಚಿಟ್ಟು ನೋಡಿದಾಗ ಬ್ರಿಟನ್ನಿನ ಎರಡು, ಆಸ್ಟ್ರೇಲಿಯಾದ ಒಂದು ಕೋರ್ಸು ತಾವಾಗೇ ಬಿದ್ದುಹೋದವು. ಜರ್ಮನಿಯಲ್ಲಿ ಎರಡು, ಇಟಲಿಯಲ್ಲಿ ಒಂದು, ಡೆಲ್ಫ್ಟ್ ಒಂದು ಉಳಿದಿವೆ. ಡೆಲ್ಫ್ಟ್‌ಗೆ ಸ್ಕಾಲರ್‌ಶಿಪ್ ಸಿಕ್ಕರೆ ಮಾತ್ರ.

ಒಂದು ತೊಡಕು. ಜರ್ಮನಿಯ ಒಂದು ಕೋರ್ಸಿಗೆ ಜಲವಿಜ್ಞಾನ, ಹೈಡ್ರಾಲಿಕ್ಸ್ ಸೇರಿ ಇಷ್ಟು ಕ್ರೆಡಿಟ್ ಆಗಿರಬೇಕು ಅಂತ ಇದೆ. ನನ್ನ ಮಾರ್ಕ್ಸ್ ಕಾರ್ಡಿನಲ್ಲಿ ಅಂಥ ಹೆಸರಿನ ವಿಷಯ ಒಂದೇ ಇದೆ. ಇದು ಇಲ್ಲಿಗೇ ಮುಗೀತಾ?

ಉತ್ತರಧ್ರುವ:
ಮುಗಿದಿಲ್ಲ. ಅವರು ನೋಡೋದು ವಿಷಯದ ಹೆಸರನ್ನ ಮಾತ್ರ ಅಲ್ಲ, ಒಳಗೆ ಏನು ಕಲಿಸಿದ್ದಾರೆ ಅಂತಾನೂ. ಯುರೋಪಿನಲ್ಲಿ ಪೂರ್ತಿ ಒಂದು ವರ್ಷದ ಓದಿಗೆ 60 ಕ್ರೆಡಿಟ್ ಲೆಕ್ಕ. ನಿಮ್ಮ ಒಂದು ವರ್ಷದ ಎಲ್ಲ ವಿಷಯಗಳನ್ನ ಆ 60ರಲ್ಲಿ ಹಂಚಿ ನೋಡಿ, ಪ್ರತಿ ವಿಷಯಕ್ಕೆ ಎಷ್ಟು ಬೀಳುತ್ತೆ ಅಂತ ಗೊತ್ತಾಗುತ್ತೆ. ಆ ಕೋರ್ಸಿನ ಮಾಡ್ಯೂಲ್ ಕೈಪಿಡಿ, ಅಂದರೆ ಯಾವ ವಿಷಯದಲ್ಲಿ ಏನು ಕಲಿಸ್ತಾರೆ ಅನ್ನೋ ಪುಸ್ತಕ, ವೆಬ್‌ಸೈಟಿನಲ್ಲೇ ಇರುತ್ತೆ, ಅದನ್ನ ಪಕ್ಕದಲ್ಲಿ ಇಟ್ಟುಕೊಳ್ಳಿ. ಫ್ಲೂಯಿಡ್ ಮೆಕ್ಯಾನಿಕ್ಸ್, ಅಂತರ್ಜಲ, ಕೊಳವೆ ಜಾಲದ ವಿನ್ಯಾಸ ಯಾವ ವಿಷಯದೊಳಗೆ ಎಷ್ಟು ಗಂಟೆ ಕಲಿತಿರಿ ಅಂತ ಸಿಲಬಸ್ ಸಮೇತ ಎರಡು ಪುಟದಲ್ಲಿ ಬರೆದು ಕೋರ್ಸ್ ಸಂಯೋಜಕರಿಗೆ ಮೇಲ್ ಮಾಡಿ. ಗಡುವಿನ ಹಿಂದಿನ ವಾರ ಮಾಡಬೇಡಿ, ಈಗಲೇ ಮಾಡಿ. ನನಗೆ ಹನ್ನೊಂದು ದಿನಕ್ಕೆ ಉತ್ತರ ಬಂದಿತ್ತು.

ಹೊಸದಿಕ್ಕು:
ಫ್ಲೂಯಿಡ್ ಮೆಕ್ಯಾನಿಕ್ಸ್ ಎರಡು ಸೆಮಿಸ್ಟರ್ ಓದಿದ್ದೀನಿ! ಕೊಳವೆ ಜಾಲ ನೀರು ಸರಬರಾಜು ಅನ್ನೋ ವಿಷಯದೊಳಗೆ ಇತ್ತು. ಸಿಲಬಸ್ ಪ್ರತಿಗೆ ನಾಳೆ ಬೆಳಿಗ್ಗೆ ಕಾಲೇಜಿನ ಆಫೀಸಿಗೆ ಹೋಗ್ತೀನಿ. ಉತ್ತರ ಏನು ಬಂತು ಅಂತ ಇಲ್ಲೇ ಬರೀತೀನಿ.